ಬೀಳು ಎಂದಾಗ ಬೀಳಬೇಕು

ಮಾರ್ಚ್ ೧೧
ಭಾನುವಾರ ಮಧ್ಯಾಹ್ನ

ನನ್ನ ಸೂಜಿಮೆಣಸಿಗೆ,

ಅಮ್ಮನ ಪ್ರೀತಿಯ ಆಶೀರ್ವಾದಗಳು. ಹೇಳದೆ ಕೇಳದೆ ಹೊರಟುಹೋದವಳು ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲವೆಂದು ನೀನು ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ ತಾಯಿ, ಆ ನಾಲಿಗೆ ಕೊಟ್ಟವಳು ನಾನೇ. ಬದುಕಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಬರೆಯಲು ಮನಸ್ಸಿರಲಿಲ್ಲ ಎಂದಲ್ಲ, ಪೆನ್ನು ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ, ಅಷ್ಟೇ.

ನಾನಿರುವುದು ಸಮುದ್ರದ ದಡದ ಒಂದು ಊರು. ಇಲ್ಲಿ ಮನೆಗಳಿಗಿಂತ ಹಾಯಿದೋಣಿಗಳೇ ಹೆಚ್ಚು. ದೋಣಿಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡುವ ಅಂಗಳವೊಂದರಲ್ಲಿ ಕೆಲಸ ಸಿಕ್ಕಿದೆ. ಹಾಯಿ ಹೊಲಿಯುವುದು, ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನು ಕೆರೆಯುವುದು, ಹಲಗೆಗಳ ಸಂದಿಗೆ ನಾರು ತುರುಕಿ ಡಾಂಬರು ಬಳಿಯುವುದು. ಹೊಲಿಗೆ ಬರುತ್ತದೆಂದು ಜಂಬ ಕೊಚ್ಚಿಕೊಂಡೇ ಸೇರಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಮೊದಲ ದಿನವೇ ಇಡೀ ಒಂದು ಹಾಯಿಗೆ ಅಂಚು ಹೊಲಿಯಲು ಕೂತೆ. ಆ ಸೂಜಿ ನಮ್ಮ ಮನೆಯ ಸೂಜಿಯಲ್ಲ, ಮೂರು ಅಂಚಿನದು. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು ಅದನ್ನು ತಳ್ಳಬೇಕು. ಸಂಜೆಯ ಹೊತ್ತಿಗೆ ಬಿಳಿ ಹಾಯಿಯ ಮೇಲೆ ಕೆಂಪು ಚುಕ್ಕಿಗಳು. ನೋಡಿದವರು ಬೈಯುತ್ತಾರೆಂದು ಹೆದರಿ ಉಗುಳು ಹಚ್ಚಿ ಉಜ್ಜುತ್ತಾ ಕೂತಿದ್ದೆ. ಯಾರೂ ಬೈಯಲಿಲ್ಲ. ಎಲ್ಲರ ಹಾಯಿಯ ಮೇಲೂ ಅಂಥ ಚುಕ್ಕಿ ಇರುತ್ತವಂತೆ.

ಹಗ್ಗ ಇಡುವ ಉಗ್ರಾಣದ ಮೇಲೆ ನನ್ನ ಕೋಣೆ. ಒಂದು ಮಂಚ, ಒಂದು ಸ್ಟೌ, ಗಾಳಿ ಬಂದರೆ ಹಲ್ಲು ಕಡಿಯುವ ಒಂದು ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಕಣೇ! ಮೊದಮೊದಲು ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದೆ. ಹುಚ್ಚು ಹಿಡಿಯಿತೇ ಈ ಹೆಂಗಸಿಗೆ ಎಂದು ಕೆಳಗಿನವರು ಅಂದುಕೊಂಡಿರಬೇಕು.

ಬಂದ ವಾರವೇ ಬಿರುಗಾಳಿ. ಎರಡು ದೋಣಿಗಳ ಕಟ್ಟು ಕಿತ್ತುಹೋಗಿ, ದೋಣಿ ಕಟ್ಟುವ ದಕ್ಕೆಯ ಪಕ್ಕದಲ್ಲೇ ಒಂದನ್ನೊಂದು ಗುದ್ದತೊಡಗಿದವು. ಹಲಗೆ ಸೀಳುವ ಸದ್ದು, ಹಾಯಿಕಂಬ ಮುರಿದು ಇನ್ನೊಂದರ ಹೊಟ್ಟೆಗೆ ನುಗ್ಗುವ ಸದ್ದು. "ಯಾರಾದ್ರೂ ಬಿಡಿಸ್ರೋ!" ಎಂದು ಕಿರುಚಿದೆ. ಅಂಗಳದ ಮೇಸ್ತ್ರಿ ಒಬ್ಬಳು ಹೆಂಗಸು, ನನಗಿಂತ ಐದಾರು ವರ್ಷ ಚಿಕ್ಕವಳು, ಆದರೂ ಊರಿಗೆಲ್ಲ ದೊಡ್ಡಕ್ಕ. ಅವಳು ಕೈಕಟ್ಟಿ ನಿಂತು, "ನಡುವೆ ಹೋದೋನು ಪುಡಿಪುಡಿ ಆಗ್ತಾನೆ. ದಣಿಯೋವರೆಗೂ ಹೊಡ್ಕೊಳ್ಳಿ, ಬಿಡು," ಎಂದಳು. ಮಾತು ಸರಿಯೇ. ಆದರೆ ನನಗೆ ನಮ್ಮ ಅಕ್ಕಪಕ್ಕದ ಮನೆಯವರು ನೆನಪಾದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅವರೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದರಲ್ಲ. ಮಾರನೆಯ ದಿನ ಸೋತ ದೋಣಿ ಮುಳುಗಿತ್ತು. ಗೆದ್ದದ್ದರ ತಳದಲ್ಲೂ ತೂತು. ಅದನ್ನೇ ನಾವು ಈಗ ರಿಪೇರಿ ಮಾಡುತ್ತಿರುವುದು.

ಇಲ್ಲಿಯ ಒಂದು ಕಟ್ಟಳೆ ಹೇಳುತ್ತೇನೆ ಕೇಳು. ದೋಣಿಯನ್ನು ಇಳಿಜಾರಿನ ಮೇಲೆ ಎಳೆಯುವುದು ತೋಳಿನಷ್ಟು ದಪ್ಪದ ಹಗ್ಗದಿಂದ, ಮೇಲೆ ಅದನ್ನು ಸುತ್ತಿಕೊಳ್ಳುವ ಒಂದು ದೊಡ್ಡ ರಾಟೆ. ಹಗ್ಗ ಬಿಗಿದಾಗ ಅದರ ಹತ್ತಿರ ಯಾರೂ ನಿಲ್ಲಬಾರದು, ದಾಟಬಾರದು. ಅಂಗಳದ ನಾಯಿ ಕೂಡ ಸುತ್ತಿ ಬರುತ್ತದೆ. ಹಗ್ಗ ಕಿತ್ತುಬಂದರೆ ಮನುಷ್ಯ ಮರ ಎಂದು ನೋಡುವುದಿಲ್ಲ. ಆದ್ದರಿಂದ ಎಳೆ ಬಿಚ್ಚುವುದನ್ನು ಯಾರು ಮೊದಲು ಕಂಡರೂ "ಬೀಳು!" ಎಂದು ಕೂಗಬೇಕು. ಕೂಗು ಕಿವಿಗೆ ಬಿದ್ದೊಡನೆ ಇದ್ದವರು ಇದ್ದಲ್ಲೇ ಮುಖ ಮಣ್ಣಿಗೆ ಹಾಕಬೇಕು. ಯಾರು, ಏಕೆ ಎಂದು ಕೇಳುವಂತಿಲ್ಲ. ದೋಣಿಯ ಒಡೆಯನೇ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರೂ ಕೆಸರಿಗೆ ಬೀಳಲೇಬೇಕು. ಹಾಗೆ ಬಿದ್ದವನೊಬ್ಬನನ್ನು ನಾನೇ ಒರೆಸಿ ಕಳಿಸಿದ್ದೇನೆ.

ನನಗಿದು ತಿಳಿದದ್ದು ಒದೆ ತಿಂದು. ಕೂಗಿದಾಗ ಅಂಗಳಕ್ಕೆ ಅಂಗಳವೇ ನೆಲ ಕಚ್ಚಿತು, ನಾನೊಬ್ಬಳು ಗೂಟದ ಹಾಗೆ ನಿಂತು "ಏನಾಯ್ತು?" ಎಂದೆ. ದೊಡ್ಡಕ್ಕ ಮಲಗಿದ್ದಲ್ಲಿಂದಲೇ ನನ್ನ ಮಂಡಿಯ ಹಿಂದಕ್ಕೆ ಒದ್ದಳು. ನಾನು ಉರುಳಿದ್ದಕ್ಕೂ ಹಗ್ಗ ತಲೆಯ ಮೇಲೆ ಹಾದು ಹೋಗಿ ಉಗ್ರಾಣದ ಹಲಗೆಯನ್ನು ಎರಡು ಸೀಳು ಮಾಡಿದ್ದಕ್ಕೂ ಸರಿಹೋಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಎಲ್ಲರೂ ನಗುತ್ತಾ ಎದ್ದರು. ನಾನು ಏಳಲಿಲ್ಲ. ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮುದುಡಿದ್ದೆ. ದೊಡ್ಡಕ್ಕ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಒಂದು ಕಿವಿಯಿಲ್ಲ, ಅದೂ ಹಗ್ಗದ್ದೇ ಕೆಲಸ. "ನಾವು ಹೀಗೆ ಬೀಳೋದು ಕಲ್ಸಲ್ಲ. ನಿಂಗೆ ಯಾರು ಕಲ್ಸಿದ್ದು?" ಎಂದು ಕೇಳಿದಳು. ನಾನು ಎದ್ದು ಮಣ್ಣು ಕೊಡವಿಕೊಂಡೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನನ್ನ ಬೆನ್ನ ಹಿಂದೆ ಬರುವಾಗ ಕೆಮ್ಮಿಕೊಂಡು ಬರುತ್ತಾಳೆ.

ನಿನಗೆ ಸಿಟ್ಟಿದೆ, ಗೊತ್ತು. ಅಪ್ಪ ನಿನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ನೀನು ಕಂಡ ಅಪ್ಪ ಬೇರೆ, ನಾನು ಕಂಡವರು ಬೇರೆ. ಚಳಿಗಾಲದಲ್ಲಿ ನನ್ನ ಬಲಗೈ ಊದಿಕೊಂಡಿತ್ತಲ್ಲ, ಬಾಗಿಲಿಗೆ ನಾನೇ ಸಿಕ್ಕಿಸಿಕೊಂಡೆ ಎಂದಿದ್ದೆನಲ್ಲ. ಶರ್ಟಿನ ಕಾಲರು ಮಡಿಸಿದ್ದು ಸರಿಯಿರಲಿಲ್ಲ. ಅವರು ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು, "ಈ ಕೈಯೇ ತಾನೆ ಮಡ್ಸಿದ್ದು?" ಎಂದು ಕೇಳಿ, ನಾನು "ಹೂಂ" ಎಂದ ಮೇಲೆ ಬಾಗಿಲು ಹಾಕಿದರು. ಹೂಂ ಎಂದೆನಲ್ಲ, ಅದಕ್ಕೇ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ, ಆದರೂ ಸೂಜಿ ಹಿಡಿಯುತ್ತವೆ.

ಮೈ ಕಡೆ ನೋಡಿಕೋ. ತಲೆಗೂದಲು ಒದ್ದೆಯಿರುವಾಗಲೇ ಕೆಲಸಕ್ಕೆ ಓಡಬೇಡ. ನಿನಗೆ ಒಳ್ಳೆಯದಾಗಲಿ, ನನ್ನ ಆಯಸ್ಸಿನಲ್ಲಿ ಅರ್ಧ ನಿನಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಲಕೋಟೆಯ ಹಿಂದಿರುವ ವಿಳಾಸ ನಿನ್ನ ಕಣ್ಣಿಗೆ ಮಾತ್ರ. ಮನಸ್ಸಿನಲ್ಲಿ ಇಟ್ಟುಕೊಂಡು ಲಕೋಟೆ ಸುಟ್ಟುಬಿಡು. ಅವರು ಇಲ್ಲಿಗೆ ಬಂದರೆ ನನ್ನನ್ನು ಜೀವಸಹಿತ ಬಿಡುವುದಿಲ್ಲ. ಇದು ಕಾಗದದಲ್ಲಿ ಬರೆಯುವ ಅಲಂಕಾರದ ಮಾತಲ್ಲ.


ಜೂನ್ ೨
ಶನಿವಾರ

ನನ್ನ ಮಗಳೇ,

ಆಶೀರ್ವಾದಗಳು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಈ ಸಲ ಬೆರಳಿನ ನೆಪವಿಲ್ಲ. ಮೂರು ಸಲ ಬರೆದು ಒಲೆಗೆ ಹಾಕಿದೆ.

ಮೊದಲು ಸುದ್ದಿ. ನಿನ್ನ ಅಪ್ಪ ಇಲ್ಲಿಯ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆದಿದ್ದಾರೆ, ಎಡಗಾಲಿಗೆ ಸರಳು ಹಾಕಿದ್ದಾರೆ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಹೊತ್ತುಕೊಂಡು ಹೋಗುವಷ್ಟಾದರೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದರು.

ಪೊಲೀಸರಿಂದ ಸುದ್ದಿ ತಿಳಿದು ನೀನು ಬರೆದದ್ದು ಒಂದೇ ಸಾಲು. "ಅಮ್ಮ, ನೀನು ಬೇಕಂತಲೇ ಮಾಡಿದೆಯಾ?" ಕ್ಷೇಮವಾ ಎಂದಿಲ್ಲ, ನಿನಗೇನಾದರೂ ಆಯಿತೇ ಎಂದಿಲ್ಲ. ಇರಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀನೇ ತೀರ್ಮಾನ ಮಾಡು.

ಅವತ್ತು ಬೆಳಗ್ಗೆ ದೊಡ್ಡ ದೋಣಿಯೊಂದನ್ನು ಮೇಲಕ್ಕೆ ಎಳೆಯುತ್ತಿದ್ದರು. ರಾಟೆಯ ಹತ್ತಿರ ಇದ್ದವನು ಮೌನಿ. ಬಾಯಿ ಒಂದು ಗಳಿಗೆ ಮುಚ್ಚುವವನಲ್ಲ, ಅದಕ್ಕೇ ಆ ಹೆಸರು. ನಾನು ಬೇಲಿಯ ಪಕ್ಕ ಹಾಯಿ ಹರಡಿಕೊಂಡು ಕೂತಿದ್ದೆ. ಹಿಂದಿನಿಂದ ಯಾರೂ ಕೆಮ್ಮಲಿಲ್ಲ. ಕುತ್ತಿಗೆಯ ಮೇಲೆ ಕೈ ಬಿತ್ತು. ಆ ಕೈ ಯಾರದೆಂದು ತಿರುಗಿ ನೋಡುವ ಅಗತ್ಯ ನನಗಿರಲಿಲ್ಲ.

"ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ," ಎಂದರು. ಹೊಸ ಶರ್ಟು ಹಾಕಿದ್ದರು, ಗಡ್ಡ ನುಣ್ಣಗೆ ಕೆರೆದಿದ್ದರು. ಧ್ವನಿ ಎಷ್ಟು ಮೆತ್ತಗಿತ್ತೆಂದರೆ ಪಕ್ಕದಲ್ಲಿದ್ದವರು ಯಾರೋ ನೆಂಟರು ಎಂದುಕೊಂಡರಂತೆ. "ಏಳು, ಆಟ ಸಾಕು. ಮಧ್ಯಾಹ್ನದ ಗಾಡಿಗೆ ಹೊರಡೋಣ."

"ನಾನು ಬರಲ್ಲ ರೀ," ಎಂದೆ. ಇಷ್ಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಅವರು ನಕ್ಕರು. ಆಮೇಲೆ ನನ್ನ ಕೈಯಲ್ಲಿದ್ದ ಸೂಜಿಯನ್ನು ಕಿತ್ತುಕೊಂಡು ನನ್ನ ಅಂಗೈಗೇ ಇಳಿಸಿದರು. ತೊಗಲಿನ ಪಟ್ಟಿಯ ಪಕ್ಕದಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಈ ಕಡೆಯಿಂದ ಆ ಕಡೆಗೆ. ನಾನು ಕಿರುಚಿದಾಗ ತಲೆಗೂದಲನ್ನು ಕೈಗೆ ಸುತ್ತಿಕೊಂಡು ಎಳೆದರು. ಮುಖ ಹಾಯಿಯ ಮೇಲೆ ಉಜ್ಜಿತು, ಆಮೇಲೆ ಜಲ್ಲಿಯ ಮೇಲೆ. ಒಂದು ಹಲ್ಲು ಅಲ್ಲೇ ಎಲ್ಲೋ ಬಿತ್ತು. ಬಡಗಿಯೊಬ್ಬ ಅಡ್ಡ ಬಂದ. ಅವನ ಹೊಟ್ಟೆಗೆ ಒದ್ದರು, ಪಾಪ, ಅವನು ಅಲ್ಲೇ ಕೂತುಬಿಟ್ಟ. "ನನ್ನ ಹೆಂಡ್ತಿ ಇವಳು, ನಮ್ಮನೆ ವಿಷಯ ಇದು!" ಎಂದು ಕೂಗಿದರು. ದೊಡ್ಡಕ್ಕ ದೋಣಿಯ ತಳದಿಂದ ಸುತ್ತಿಗೆ ಹಿಡಿದು ಓಡಿ ಬರುತ್ತಿದ್ದಳು. ಅವಳು ಕಟ್ಟಳೆಯಂತೆ ಹಗ್ಗವನ್ನು ಸುತ್ತಿ ಬರಬೇಕಾಗಿತ್ತು, ಅದು ದೂರದ ದಾರಿ.

ನಿನ್ನ ಅಪ್ಪ ಹತ್ತಿರದ ದಾರಿ ಹಿಡಿದರು. ಗೇಟಿಗೆ ನೇರ ಹೋಗಬೇಕೆಂದರೆ ಬಿಗಿದ ಹಗ್ಗದ ಪಕ್ಕದಲ್ಲೇ ಹೋಗಬೇಕು. ಅಲ್ಲಿ ಏಕೆ ಹುಲ್ಲು ಬೆಳೆದಿದೆ, ಏಕೆ ಒಬ್ಬರ ಹೆಜ್ಜೆಯೂ ಇಲ್ಲ ಎಂದು ಅವರಿಗೇನು ಗೊತ್ತು? ಮೌನಿ ನಮ್ಮನ್ನು ನೋಡಿದ. ಅವನ ಬಾಯಿ ಕಟ್ಟಿತು. ನನ್ನನ್ನು ಉಳಿಸಬೇಕೆಂದು ಗಾಬರಿಯಲ್ಲಿ ರಾಟೆಯನ್ನು ಗಕ್ಕನೆ ನಿಲ್ಲಿಸಿದ. ಅದೇ ತಪ್ಪಾಯಿತು. ಏರುತ್ತಿದ್ದ ದೋಣಿ ಹಿಂದಕ್ಕೆ ಜಗ್ಗಿ, ಅಷ್ಟೂ ಭಾರ ಒಮ್ಮೆಗೇ ಹಗ್ಗದ ಮೇಲೆ ಬಿತ್ತು. ನನ್ನ ಮುಖ ನೆಲದ ಹತ್ತಿರವಿತ್ತಲ್ಲ, ಹಗ್ಗದ ಒಂದು ಎಳೆ ಬಿಚ್ಚಿ ಸುರುಳಿಯಾಗುವುದನ್ನು ಮೊದಲು ಕಂಡವಳು ನಾನು.

ಈಗ ಸರಿಯಾಗಿ ಓದು. ನಾನು ಕೂಗಿದೆ. ಬಾಯ್ತುಂಬ ರಕ್ತವಿತ್ತು, ಆದರೂ "ಬೀಳು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅಂಗಳವೆಲ್ಲ ಬಿತ್ತು. ದೊಡ್ಡಕ್ಕ ಓಡುತ್ತಿದ್ದವಳು ಹಾಗೇ ಬಿದ್ದಳು, ಒದೆ ತಿಂದ ಬಡಗಿ ಬಿದ್ದ, ಮೌನಿ ಬಿದ್ದ. ನಿಂತಿದ್ದವರು ಒಬ್ಬರೇ.

"ಯಾರಿಗೇ ಹೇಳ್ತಿದೀಯ?" ಎಂದರು. "ನನಗೆ ಬೀಳು ಅಂತೀಯಾ?"

ಕೂಗಿದ ಮೇಲೆ ಕೂಗಿದವರು ತಮ್ಮ ತಲೆ ನೋಡಿಕೊಳ್ಳಬೇಕು, ಕಟ್ಟಳೆಯೇ ಹಾಗೆ. ನಾನು ಕಟ್ಟಳೆ ಮುರಿದೆ. ಮಲಗಿದ್ದಲ್ಲಿಂದಲೇ ಎರಡೂ ಕೈಯಿಂದ ಅವರ ಕಾಲು ತಬ್ಬಿ ಎಳೆದೆ, ಬೀಳಿಸೋಣವೆಂದು. ಚುಚ್ಚಿದ ಸೂಜಿ ಇನ್ನೂ ಅಂಗೈಯಲ್ಲೇ ಇತ್ತು. ಅವರು ಕೆಳಗೆ ನೋಡಿದರು. ನಾನು ಕಾಲು ಹಿಡಿದದ್ದು ಅವರಿಗೆ ಹೊಸದಲ್ಲ ನೋಡು. ಎಷ್ಟು ಸಲ ಹಾಗೆಯೇ ಹಿಡಿದು "ತಪ್ಪಾಯ್ತು, ಬಿಡಿ" ಎಂದಿದ್ದೇನೋ. ಅವರ ಮುಖ ಸಡಿಲವಾಯಿತು. ನನ್ನ ಕೂದಲು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಇನ್ನೂ ನೆಟ್ಟಗೆ ನಿಂತರು.

"ಹಾಂ, ಹಾಗೆ ಬಾ ದಾರಿಗೆ," ಎಂದರು.

ನಾನು "ಅಯ್ಯೋ ಬೀಳ್ರೀ!" ಎಂದೆನೇನೋ. ಹಗ್ಗ ಬಂತು. ಅದು ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಬೆನ್ನಿನ ಮೇಲೆ ಬಿಸಿ ಗಾಳಿ ಹಾದ ಹಾಗೆ, ಅಷ್ಟೇ. ನನ್ನ ರವಿಕೆಯ ಹಿಂಭಾಗ ಚರ್ಮದ ಸಮೇತ ಹೋಯಿತು. ಹೊಡೆತ ನನಗೆ ಗೊತ್ತಾದದ್ದು ನಾನು ಹಿಡಿದಿದ್ದ ಕಾಲಿನಿಂದ. ಕೈಯೊಳಗೇ ಪಾದ ತಿರುಗಿ ಹಿಮ್ಮಡಿ ಮುಂದಾಯಿತು. ಅವರು ಎರಡು ಮಾರು ಆಚೆ ಹೋಗಿ ಬಿದ್ದರು. ಹಗ್ಗ ಇಲ್ಲದ ದೋಣಿ ಹಿಂದಕ್ಕೆ ಜಾರಿ, ಇಳಿಜಾರಿನ ಹಲಗೆಗಳನ್ನೆಲ್ಲ ಮುರಿದುಕೊಂಡು ನೀರಿಗೆ ನುಗ್ಗಿ ಅಡ್ಡಡ್ಡ ಮಲಗಿತು. ಆಮೇಲೆ ಅವರ ಕೂಗು.

ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಹಾಯಿಬಟ್ಟೆಯ ಪಟ್ಟಿ ಸುತ್ತಿ, ಅದರೊಳಗೆ ಒಂದು ಕಬ್ಬಿಣದ ಮೊಳೆ ಸೇರಿಸಿ ತಿರುವಿ ತಿರುವಿ ಬಿಗಿದವಳು ನಾನು. ಇಲ್ಲದಿದ್ದರೆ ಅಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದಾರೆ, ನಂಬಿಕೆ ಇಲ್ಲದಿದ್ದರೆ ಬಂದಾಗ ಕೇಳು. ದೊಡ್ಡಕ್ಕ ಸುತ್ತಿಗೆ ಹಿಡಿದೇ ನಿಂತಿದ್ದಳು. "ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದು ಆಮೇಲೆ ಕೇಳಿದಳು. ಅಂಗಳದಲ್ಲಿ ಯಾರೂ ಸಾಯಬಾರದೆಂದು ನೀನೇ ಹೇಳಿದ್ದಲ್ಲವೇ ಎಂದೆ. "ಅದು ಮನುಷ್ಯರ ವಿಷಯ ಹೇಳಿದ್ದು," ಎಂದಳು. ಪೊಲೀಸರು ಬಂದು ಎಲ್ಲರನ್ನೂ ಕೇಳಿ ಹೋದರು. ಎಲ್ಲರದ್ದೂ ಒಂದೇ ಮಾತು, ಅವಳು ಕೂಗಿದಳು, ಅವನು ಬೀಳಲಿಲ್ಲ.

ಪ್ರೀತಿಯಿಂದ ಕೂಗಿದೆ ಎಂದುಕೊಳ್ಳಬೇಡ, ಆ ಭ್ರಮೆ ನಿನಗೂ ಬೇಡ. ಅಲ್ಲಿ ನಾಯಿ ಇದ್ದಿದ್ದರೂ ಕೂಗುತ್ತಿದ್ದೆ, ಎಳೆಯುತ್ತಿದ್ದೆ. ಬೇಕಂತಲೇ ಮಾಡಲಿಲ್ಲ. ಹೊಟ್ಟೆ ತಣ್ಣಗಾಯಿತೇ ಎಂದು ಕೇಳಿದರೆ, ಆಗಲಿಲ್ಲ. ಅಳು ಬಂತೇ ಎಂದರೆ ಅದೂ ಇಲ್ಲ. ಆ ಪಾದ ತಿರುಗಿದ್ದು ಮಾತ್ರ ಕೈಯಿಂದ ಹೋಗುತ್ತಿಲ್ಲ. ಸೋಪು ಹಾಕಿ ತೊಳೆಯುತ್ತಲೇ ಇದ್ದೇನೆ.

ನಿನ್ನ ದೊಡ್ಡಪ್ಪನ ಕಾಗದವೂ ಬಂದಿದೆ. "ಆದದ್ದಾಯಿತು, ಗಂಡ ಹಾಸಿಗೆ ಹಿಡಿದಾಗ ಹೆಂಡತಿ ಪಕ್ಕದಲ್ಲಿರಬೇಕು, ಇನ್ನಾದರೂ ಮರ್ಯಾದೆಯಿಂದ ಮನೆಗೆ ಬಾ," ಎಂದು ಬರೆದಿದ್ದಾರೆ. ನೀನೂ ಅದನ್ನೇ ಕೇಳುತ್ತೀಯ ಎಂದು ಗೊತ್ತಿದ್ದು ಮೊದಲೇ ಹೇಳುತ್ತಿದ್ದೇನೆ. ನಾನು ಬರುವುದಿಲ್ಲ. ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಲಿಲ್ಲದ ಕಡೆ ಹೊದಿಕೆ ಚಪ್ಪಟೆಯಾಗಿರುವುದನ್ನು ನೋಡಿ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. "ನೀರು ಕೊಡೇ," ಎಂದರು. ಲೋಟ ಬಾಯಿಗೆ ಹಿಡಿದೆ. ಕುಡಿದು ಮುಗಿಸಿ, ನನ್ನ ಗಾಯದ ಕೈಯ ಹೆಬ್ಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿದರು. ನರ್ಸು ಅಲ್ಲೇ ಇದ್ದಳು, ಅವಳಿಗೆ ಗಂಡ ಹೆಂಡತಿಯ ಕೈ ಹಿಡಿದಂತೆ ಕಂಡಿರಬೇಕು. "ಎದ್ದ ಮೇಲೆ ನೋಡ್ಕೋತೀನಿ," ಎಂದರು, ಅದೇ ಮೆತ್ತನೆಯ ಧ್ವನಿಯಲ್ಲಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವೇ ಹೇಳುತ್ತೇವೆ, ನಾವೇ ಮರೆಯುತ್ತೇವೆ.

ನೀನು ಬಂದು ಕರೆದುಕೊಂಡು ಹೋಗು, ಅಥವಾ ದೊಡ್ಡಪ್ಪನನ್ನು ಕಳಿಸು. ನೀನೇ ನೋಡಿಕೊಳ್ಳುವುದಾದರೆ ಒಂದು ಮಾತು: ತಟ್ಟೆ ಇಟ್ಟು ಹಿಂದಕ್ಕೆ ಸರಿ. ಕೈಗೆ ಎಟುಕುವಷ್ಟು ಹತ್ತಿರ ಕೂರಬೇಡ. ಇನ್ನು ಮೇಲೆ ಮನೆಯಲ್ಲಿರುವ ಹೆಂಗಸು ನೀನೊಬ್ಬಳೇ. ಸಾಕೆನಿಸಿದ ದಿನ ಹೊರಟು ಬಾ, ಯೋಚನೆ ಮಾಡುತ್ತಾ ಕೂರಬೇಡ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಸುತ್ತದೆ, ಅಳತೆ ಹಾಕಿಸಿ ನೋಡಿದ್ದೇನೆ. ಚಿಲಕ ಗಟ್ಟಿಯಾಗಿದೆ.

ನೂರು ಕಾಲ ಬಾಳು ಮಗಳೇ. ನಿನ್ನ ಮೈಗೆ ಒಂದು ಮುಳ್ಳೂ ತಾಗದಿರಲಿ.

ನಿನ್ನ
ಅಮ್ಮ

ಮತ್ತೆ: ಅವರು ನನ್ನ ಕುತ್ತಿಗೆಗೆ ಕೈಹಾಕಿದಾಗ ಆಡಿದ ಮೊದಲ ಮಾತನ್ನು ಮೇಲೆ ಬರೆಯಲಿಲ್ಲ. ಊರು ನೀರಿನ ಮಾತು ಆಮೇಲಿನದು. ಮೊದಲು ಹೇಳಿದ್ದು, "ಮಗಳೇ ಕಳ್ಸಿದ್ಲು, ಅಮ್ಮನ್ನ ಕರ್ಕೊಂಡ್ ಬಾ ಅಪ್ಪ ಅಂತ." ಏಪ್ರಿಲ್‌ನಲ್ಲಿ ನೀನು ಬರೆದಿದ್ದೆಯಲ್ಲ, ಅಪ್ಪ ಬದಲಾಗಿದ್ದಾರೆ, ಅಡುಗೆಮನೆಯಲ್ಲಿ ಕೂತು ಅಳುತ್ತಾರೆ ಎಂದು. ಅಂಗೈಯ ಗಾಯ ಮಾಗಿದೆ, ಬೆನ್ನು ಮಾಗುತ್ತಿದೆ. ಈ ಮಾತೊಂದು ಮಾಗುತ್ತಿಲ್ಲ. ವಿಳಾಸ ಕೇಳಿದಾಗ ಅವರು ನಿನಗೆ ಹೊಡೆದರೇ? ಕೈ ತಿರುವಿದರೇ? ಹೊಡೆದಿರಲಿ ದೇವರೇ ಎಂದು ದಿನವೂ ಕೇಳಿಕೊಳ್ಳುತ್ತಿದ್ದೇನೆ. ಹೆತ್ತ ಮಗಳಿಗೆ ಏಟು ಬಿದ್ದಿರಲಿ ಎಂದು ಬೇಡುವ ತಾಯಿಯಾಗಿಬಿಟ್ಟೆ ನೋಡು. ನನ್ನ ಪ್ರಶ್ನೆಗೂ ಒಂದೇ ಸಾಲು ಸಾಕು. ಅಪ್ಪ ಹೊಡೆದರು ಎಂದು ಬರಿ. ಸುಳ್ಳಾದರೂ ಬರಿ, ನಂಬುತ್ತೇನೆ.